ಹಳೇ ಆಟದ ಪೆಟ್ಟಿಗೆಯ ಅಧ್ಯಕ್ಷರು

ನನ್ನ ಕಾಲು ಮುರಿಯದೇ ಇದ್ದಿದ್ದರೆ ಆ ಅಧ್ಯಕ್ಷರ ಪರಿಚಯ ನನಗೆ ಆಗುತ್ತಲೇ ಇರಲಿಲ್ಲ. ಆಗದಿದ್ದರೆ ನನಗೇನೂ ನಷ್ಟವಿರಲಿಲ್ಲ.

ನಾನು ಕೊರಟಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆ ವರ್ಷ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡೆ. ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸಿದರು. ಗಂಡ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ನಮ್ಮತ್ತೆ, ಮತ್ತು ನಮ್ಮತ್ತೆಯ ಧಾರಾವಾಹಿಗಳು. ಆ ಧಾರಾವಾಹಿಯ ಸೊಸೆಯಂದಿರ ಅಳು ಕೇಳಿ ಕೇಳಿ ಸಾಕಾಗಿ ಒಂದು ದಿನ ಬೀರು ತೆಗೆದು ಹಳೆಯ ಸಾಮಾನು ಕೆದಕುತ್ತಾ ಕುಳಿತೆ. ರೇಷ್ಮೆ ಸೀರೆಗಳ ಅಡಿಯಲ್ಲಿ ಸಿಕ್ಕಿತು ನನ್ನ ಆಟದ ಪೆಟ್ಟಿಗೆ.

ಮದುವೆಗೆ ಮುಂಚೆ ದೊಡ್ಡಪ್ಪನ ಮಗ ಸಿಂಗಪುರದಿಂದ ತಂದುಕೊಟ್ಟಿದ್ದು ಅದು. ಪುಸ್ತಕದ ಹಾಗೆ ಮಡಚಬಹುದು, ಮೇಲೊಂದು ಕೆಳಗೊಂದು ಪರದೆ, ಎರಡು ಅಂಗೈ ಸೇರಿಸಿದರೆ ಹಿಡಿಯುವಷ್ಟು ಗಾತ್ರ. ಅದನ್ನು ತಯಾರಿಸಿದ ಕಂಪನಿಯೇ ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಒಂದು ಕಾಲದಲ್ಲಿ ಇಂಟರ್‌ನೆಟ್ ಮೂಲಕ ದೂರದವರ ಜೊತೆಗೂ ಇದರಲ್ಲಿ ಆಡಬಹುದಿತ್ತು. ಕಂಪನಿ ಆ ಸೇವೆಯನ್ನೂ ಯಾವತ್ತೋ ನಿಲ್ಲಿಸಿತ್ತು. ಚಾರ್ಜರ್ ಚುಚ್ಚಿ ನೋಡಿದೆ. ದೀಪ ಹತ್ತಿತು. ಗಾಡಿ ಓಡಿಸುವ ಆ ಹಳೆಯ ಆಟ ಒಳಗೆ ಹಾಗೇ ಇತ್ತು.

ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು, ಪರದೇಶದಲ್ಲೆಲ್ಲೋ ಕೆಲವು ಅಭಿಮಾನಿಗಳು ತಮ್ಮದೇ ಸರ್ವರ್ ಇಟ್ಟುಕೊಂಡು ಆ ಇಂಟರ್‌ನೆಟ್ ಆಟವನ್ನು ಮತ್ತೆ ನಡೆಸುತ್ತಿದ್ದಾರೆ ಎಂದು. ಯಂತ್ರದಲ್ಲಿ ಒಂದೆರಡು ಅಂಕಿ ಬದಲಿಸಿದರೆ ಸಾಕಂತೆ. ತೊಡಕಿದ್ದದ್ದು ವೈಫೈನದು. ಈ ಮುದಿ ಯಂತ್ರಕ್ಕೆ ಈಗಿನ ವೈಫೈಯ ಪಾಸ್‌ವರ್ಡ್ ಅರ್ಥವಾಗುವುದಿಲ್ಲ. ಪಾಸ್‌ವರ್ಡೇ ಇಲ್ಲದ ಹಳೇ ಕಾಲದ ರೌಟರ್ ಬೇಕು. ಗಂಡ ಎಲ್ಲಿಂದಲೋ ಒಂದನ್ನು ತಂದುಕೊಟ್ಟರು. ಆವತ್ತಿನಿಂದ ಪಕ್ಕದ ಮನೆಯವರು ನಮ್ಮ ಮನೆಯ ಗೋಡೆಗೆ ಒರಗಿಕೊಂಡು ಸಿನಿಮಾ ನೋಡಲು ಶುರುಮಾಡಿದರು. ಅದಿರಲಿ.

ಹುಡುಕುತ್ತಾ ಹುಡುಕುತ್ತಾ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಿಗೇ ಅಂತ ಈ ಪೆಟ್ಟಿಗೆಯ ಅಭಿಮಾನಿಗಳದೊಂದು ಗುಂಪು! ಕುಡಿಯುವ ನೀರಿಗೆ ಒಂದಾಗಲಾರದ ನಾಲ್ಕು ತಾಲ್ಲೂಕು ಹಳೇ ಆಟಕ್ಕೆ ಒಂದಾಗಿವೆಯಲ್ಲ ಎಂದು ಆಶ್ಚರ್ಯಪಟ್ಟು, ಸೇರಿಸಿಕೊಳ್ಳಿ ಎಂದು ಬರೆದೆ. ಐದು ನಿಮಿಷದಲ್ಲಿ ಫೋನು ಬಂತು.

“ಹಲೋ, ನೀವು ಲೇಡೀಸಾ?”

“ಹೌದು.”

“ನಿಜವಾಗ್ಲೂ?”

“ಇನ್ನೇನು, ಸರ್ಟಿಫಿಕೇಟ್ ಕಳಿಸ್ಲಾ?”

“ಅಂಗಲ್ಲ ಮೇಡಂ. ಗಂಡಸ್ರೇ ಹೆಂಗಸ್ರ ಹೆಸ್ರಲ್ಲಿ ಬಂದ್ಬುಡ್ತಾರೆ. ನಮ್ಮ ಗುಂಪಿಗೊಂದು ಶಿಸ್ತೈತೆ. ವಿಡಿಯೋ ಕಾಲ್ ಮಾಡ್ತೀನಿ, ಯಂತ್ರ ಕೈಯಲ್ಲಿ ಹಿಡ್ಕೊಂಡು ತೋರ್ಸಿ. ಫೋನಲ್ಲಿ ನಕಲಿ ಆಟ ಆಡೋ ಜನಾನ ನಾವು ಒಳೀಕ್ ಬುಡಲ್ಲ.”

ವಿಡಿಯೋದಲ್ಲಿ ಕಂಡವರು ನಲವತ್ತೈದರ ಆಸುಪಾಸಿನ ಒಬ್ಬ ಗಂಡಸು, ಗುಂಪಿನ ಅಧ್ಯಕ್ಷರು. ಅಂಗಡಿಯೊಳಗೇ ಕೂತಿದ್ದರೂ ಕಣ್ಣಿಗೆ ಕೂಲಿಂಗ್ ಗ್ಲಾಸ್. ಮಧುಗಿರಿಯಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ ಅವರದು. ಸತ್ತವರಿಗೆ ಭಾವಪೂರ್ಣ ಶ್ರದ್ಧಾಂಜಲಿ, ಬದುಕಿದ್ದವರಿಗೆ ಹುಟ್ಟುಹಬ್ಬದ ಶುಭಾಶಯ, ಎರಡನ್ನೂ ಒಂದೇ ಬಣ್ಣದಲ್ಲಿ ಹೊಡೆದುಕೊಡುತ್ತಿದ್ದರು. ನಾನು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಕಳ್ಳಮಾಲು ಹಿಡಿದವಳ ಹಾಗೆ ಪೆಟ್ಟಿಗೆಯನ್ನು ಮುಖದ ಪಕ್ಕಕ್ಕೆ ಹಿಡಿದು ತೋರಿಸಿದೆ. ಹಿಂದಿನಿಂದ ನಮ್ಮತ್ತೆ ಇಣುಕಿ, “ಯಾರವ್ವ ಅದು, ಬ್ಯಾಂಕಿನೋರಾ?” ಎಂದರು. ಅತ್ತೆಯನ್ನು ಕಂಡ ಮೇಲೆ ಅಧ್ಯಕ್ಷರಿಗೆ ನಾನು ಹೆಂಗಸೆಂಬುದು ಖಾತ್ರಿಯಾಯಿತು. ಅಲ್ಲಿಂದ ಮುಂದೆ ನನ್ನನ್ನು ಅಕ್ಕ ಎಂದರು. ಅವರಿಗಿಂತ ನಾನು ಏಳೆಂಟು ವರ್ಷ ಚಿಕ್ಕವಳು.

ಗುಂಪಿನೊಳಗೆ ಹೋದ ಮೇಲೆ ನನಗೆ ತಿಳಿದದ್ದು, ಅಲ್ಲಿ ಆಟವೊಂದನ್ನು ಬಿಟ್ಟು ಮಿಕ್ಕೆಲ್ಲವೂ ನಡೆಯುತ್ತದೆ ಎಂಬುದು. ಬೆಳಿಗ್ಗೆ ಎದ್ದರೆ ಹೂವಿನ ಚಿತ್ರದ ಜೊತೆ ಶುಭೋದಯ. ಆಮೇಲೆ ಯಾರ ಯಂತ್ರ ಅಸಲಿ, ಯಾರದು ಬೇರೆ ಕವಚ ಹಾಕಿದ್ದು ಎಂಬ ಚರ್ಚೆ. ಕಂಪನಿ ಸೇವೆ ನಿಲ್ಲಿಸಿದ ದಿನಕ್ಕೆ ಇವರು ಪ್ರತಿವರ್ಷ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿ ಹಂಚುತ್ತಾರೆ. ಅದರ ಮೂಲೆಯಲ್ಲಿ ಯಂತ್ರದ ಚಿತ್ರ ಸಣ್ಣದು, ನಡುವೆ ಕೈಮುಗಿದ ಅಧ್ಯಕ್ಷರ ಚಿತ್ರ ದೊಡ್ಡದು. ಹೊಸದಾಗಿ ಸೇರಿದವರು ಒಂದು ತಿಂಗಳು ಹಳಬರ ಮಾತಿಗೆ ಎದುರಾಡುವಂತಿಲ್ಲ. ನನ್ನನ್ನು ಕೇಳದೆಯೇ ಸ್ವಾಗತ ಸಮಿತಿಗೆ ಹಾಕಿದರು. ಹೊಸಬರು ಬಂದಾಗ “ಸುಸ್ವಾಗತ” ಎಂದು ಬರೆಯುವುದು ನನ್ನ ಕೆಲಸ. “ಅದೆಲ್ಲ ಹೆಣ್ಮಕ್ಕಳು ಬರೆದ್ರೇನೇ ಲಕ್ಷಣ,” ಎಂದರು ಅಧ್ಯಕ್ಷರು. ನಾನು ಒಂದೇ ಒಂದು ಸಲವೂ ಬರೆಯಲಿಲ್ಲ. ಯಾರೂ ಗಮನಿಸಲೂ ಇಲ್ಲ.

ಉಪಾಧ್ಯಕ್ಷರು ಶಿರಾದಲ್ಲಿ ಚಪ್ಪಲಿ ಅಂಗಡಿ ಇಟ್ಟವರು. ಅವರ ಹತ್ತಿರವಿದ್ದ ಪೆಟ್ಟಿಗೆ ಬಂದಾಗಿನಿಂದ ಸೀಲು ಒಡೆಯದ್ದು. ವಾರಕ್ಕೊಮ್ಮೆ ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ಹಾಕುತ್ತಿದ್ದರು. ತೆಗೆದು ಆಡಬಾರದೇ ಎಂದು ಒಮ್ಮೆ ಕೇಳಿದೆ.

“ಅರೇ ಮೇಡಂ, ಸೀಲ್ ಒಡೆದ್ರೆ ಅದರ ಇಜ್ಜತ್ ಏನಾಗ್ಬೇಕು?”

“ಹಾಗಾದ್ರೆ ನೀವು ಯಾವುದರಲ್ಲಿ ಆಡ್ತೀರ?”

“ಆಡೋದು ಬೇರೆ, ಶೌಕ್ ಬೇರೆ ಮೇಡಂ,” ಎಂದರು. ಇವರು ಈ ಯಂತ್ರದ ವಿಷಯದಲ್ಲಿ ಗುಂಪಿನ ಎರಡನೆಯ ಅತ್ಯುನ್ನತ ಅಧಿಕಾರಿ.

ನಿಜವಾಗಿ ಆಡುತ್ತಿದ್ದವನೆಂದರೆ ಪಾವಗಡದ ಒಬ್ಬ. ಅಲ್ಲಿನ ಸೋಲಾರ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಂಟ್ರೋಲ್ ರೂಮಿನಲ್ಲಿದ್ದ ಹಳೇ ವೈಫೈಗೆ ಸಿಕ್ಕಿಸಿಕೊಂಡು ಬರುತ್ತಿದ್ದ. ಗುಂಪಿನಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. ನಾನೂ ಅವನೂ ಎಷ್ಟೋ ಮಧ್ಯಾಹ್ನ ಎದುರುಬದುರಾಗಿ ಗಾಡಿ ಓಡಿಸಿದ್ದೇವೆ. ಗೆಲ್ಲುವುದು ಒಮ್ಮೆ ಅವನು, ಒಮ್ಮೆ ನಾನು. ಮುಖ ನೋಡಿರಲಿಲ್ಲ. ಆ ಆಟದಲ್ಲಿ ನೇರ ದಾರಿಯಲ್ಲೂ ಗಾಡಿಯನ್ನು ಹಾವಿನ ಹಾಗೆ ಅತ್ತಿತ್ತ ಜಾರಿಸುತ್ತಾ ಹೋದರೆ ವೇಗ ಹೆಚ್ಚುತ್ತದೆ. ಹೆಬ್ಬೆರಳು ನೋಯುತ್ತದೆ, ಆದರೆ ನನಗೆ ನೋಯಿಸಿಕೊಳ್ಳಲು ಬೇಕಾದಷ್ಟು ಪುರುಸೊತ್ತಿತ್ತು. ಪ್ಲಾಸ್ಟರ್ ಬಿಚ್ಚುವುದರೊಳಗೆ ಕಲಿತುಬಿಟ್ಟೆ.

ಹೀಗಿರುವಾಗ ಒಂದು ಭಾನುವಾರ ಅಧ್ಯಕ್ಷರು ಕಣಕ್ಕಿಳಿದರು. ಅವರು ಆಡುತ್ತಿದ್ದದ್ದೇ ಅಪರೂಪ. ಆಡುವ ಮುಂಚೆ ಗುಂಪಿನಲ್ಲಿ ಪ್ರಕಟಣೆ ಹೊರಡಿಸುತ್ತಿದ್ದರು. ಎದುರಿಗೆ ಬಂದವರು ಮರ್ಯಾದೆಗೆ ಸೋಲುವುದು ವಾಡಿಕೆ. ನನಗೆ ಆ ವಾಡಿಕೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಪಾಲಿಸುತ್ತಿರಲಿಲ್ಲ. ಒಂದಾದ ಮೇಲೊಂದು ಎಲ್ಲ ಓಟದಲ್ಲೂ ಅವರನ್ನು ಸೋಲಿಸಿದೆ. ಕೊನೆಯ ಓಟದಲ್ಲಂತೂ ನಾನು ಮುಗಿಸಿ ಅತ್ತೆ ಕೊಟ್ಟ ಕಾಫಿ ಕುಡಿಯುತ್ತಿದ್ದೆ, ಅವರಿನ್ನೂ ಗೋಡೆಗೆ ಗುದ್ದಿಕೊಂಡು ಹಿಂದೆ ಮುಂದೆ ಮಾಡುತ್ತಿದ್ದರು. ಪಾವಗಡದವನು ಎರಡನೆಯವನಾಗಿ ಬಂದಿದ್ದ.

ಮಾರನೆಯ ದಿನ ನನ್ನ ಯಂತ್ರ ಸರ್ವರಿನೊಳಕ್ಕೇ ಹೋಗಲಿಲ್ಲ. ಪರದೇಶದ ಅಭಿಮಾನಿಗಳಿಂದ ಇಂಗ್ಲಿಷಿನಲ್ಲೊಂದು ಸಂದೇಶ: ನೀವು ಕಳ್ಳ ಕೋಡ್ ಹಾಕಿ ಆಡುತ್ತಿದ್ದೀರೆಂದು ನಿಮ್ಮ ಪ್ರಾಂತ್ಯದ ಮುಖಂಡರು ದೂರಿದ್ದಾರೆ, ನಿಮ್ಮನ್ನು ನಿಷೇಧಿಸಲಾಗಿದೆ, ಯಂತ್ರ, ಕೈಗಳು, ಪರದೆ ಮೂರೂ ಕಾಣುವಂತೆ ಎಲ್ಲೂ ಕತ್ತರಿಸದ ವಿಡಿಯೋ ಕಳಿಸಿದರೆ ಪರಿಶೀಲಿಸುತ್ತೇವೆ. ಪ್ರಾಂತ್ಯದ ಮುಖಂಡರಂತೆ! ಮಧುಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಪ್ರಾಂತ್ಯ.

ಗುಂಪಿನಲ್ಲಿ ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಶುಭೋದಯದ ಹೂಗಳು ಮಾತ್ರ ಎಂದಿನಂತೆ ಬಂದವು. ಮಧ್ಯಾಹ್ನ ಪಾವಗಡದವನು ನನಗೊಬ್ಬಳಿಗೇ ಧ್ವನಿ ಸಂದೇಶ ಕಳಿಸಿದ. ತೆಲುಗು ಬೆರೆತ ಅವನ ಮಾತು ನಾನು ಕೇಳಿದ್ದು ಅದೇ ಮೊದಲು.

“ಅಕ್ಕಾ, ನೀವು ಮೋಸ ಚೇಯಲೇದು, ನಂಗೊತ್ತು. ನೇನೂ ಅಲ್ಲೇ ಇದ್ನಲ್ಲಾ. ಆಯನಕಿ ಓಡ್ಸಾಕೆ ಬರಲ್ಲ, ಅದಕ್ಕೆ ಇದೆಲ್ಲಾ. ವಿಡಿಯೋ ಪಂಪಿಸೇಯಂಡಿ, ಬುಡಬ್ಯಾಡಿ.”

ಚೇಯಲೇದು ಎಂದರೆ ಮಾಡಲಿಲ್ಲ, ಪಂಪಿಸೇಯಂಡಿ ಎಂದರೆ ಕಳಿಸಿಬಿಡಿ ಎಂದು. ಅಲ್ಲಿಯವರೆಗೆ ಆಟವನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದವಳು ಹಟಕ್ಕೆ ಬಿದ್ದೆ. ಸರ್ವರ್ ಇಲ್ಲದಿದ್ದರೂ ಯಂತ್ರವೇ ಓಡಿಸುವ ಗಾಡಿಗಳ ಜೊತೆ ಆಡಬಹುದಿತ್ತು. ಕಾಲು ಸ್ಟೂಲಿನ ಮೇಲೆ, ಎರಡು ಕೈಯೂ ಯಂತ್ರದ ಮೇಲೆ. ಫೋನು ಹಿಡಿಯಲು ಮನೆಯಲ್ಲಿದ್ದವರು ಅತ್ತೆ ಒಬ್ಬರೇ.

“ಅತ್ತೆ, ನನ್ನ ಕೈಗಳೂ ಪರದೇನೂ ಕಾಣ್ಬೇಕು. ಅಲ್ಲಾಡಿಸ್ಬೇಡಿ.”

“ಇದ್ಯಾಕವ್ವ ಹಿಡೀಬೇಕು?”

“ನಾನು ಮೋಸ ಮಾಡಿಲ್ಲ ಅಂತ ಫಾರಿನ್ನವರಿಗೆ ತೋರಿಸ್ಬೇಕು.”

“ಫಾರಿನ್ನೋರ್ಗೆ ನಿನ್ ಮ್ಯಾಲ್ ಯಾಕ್ ಅನುಮಾನ? ನೀನೇನ್ ಅವ್ರ ಮನೇಗ್ ಹೋಗಿದ್ಯಾ?”

“ಮಧುಗಿರಿಯವರೊಬ್ಬರು ಹೇಳಿದಾರೆ.”

“ಯಾವೋನವ್ನು ಮಧುಗಿರಿಯೋನು? ನಮ್ ಸೊಸೇನ ಮೋಸಗಾತಿ ಅನ್ನಾಕೆ ಅವ್ನ್ಯಾರು?” ಎಂದು ಅತ್ತೆ ಕೆರಳಿದರು. ಸೊಸೆಯನ್ನು ಬೈಯುವ ಹಕ್ಕು ತಮ್ಮೊಬ್ಬರದೇ ಎಂದು ನಂಬಿದವರು ಅವರು.

ಮೊದಲ ಸಲದ ವಿಡಿಯೋದಲ್ಲಿ ಸೀಲಿಂಗ್ ಫ್ಯಾನು ಚೆನ್ನಾಗಿ ಬಂದಿತ್ತು. ಎರಡನೆಯದರಲ್ಲಿ ನನ್ನ ಕೈ, ಪರದೆ ಎಲ್ಲವೂ ಬಂತು. ಜೊತೆಗೆ ಮೊದಲಿನಿಂದ ಕೊನೆಯವರೆಗೆ ಅತ್ತೆಯ ಧ್ವನಿಯೂ ಬಂತು. “ಆ ಕೆಂಪು ಗಾಡಿ ಮುಂದಕ್ಕೋಯ್ತು ಕಣವ್ವ, ಬುಡಬ್ಯಾಡ! ಅಂಗೇ ಒತ್ತು! ಇಂಗಾಡೋ ಮಗೀನ ಮೋಸ ಅಂತಾನಲ್ಲ, ಅವ್ನ್ ಬಾಯಿಗಿಷ್ಟು ಮಣ್ಣಾಕ!” ಮತ್ತೆ ತೆಗೆಯುವ ತ್ರಾಣ ನನಗಿರಲಿಲ್ಲ. ಅದನ್ನೇ ಕಳಿಸಿದೆ.

ಒಂದೆರಡು ದಿನ ಬಿಟ್ಟು ಉತ್ತರ ಬಂತು. ನಿಷೇಧ ತೆಗೆದಿದ್ದೇವೆ, ತೊಂದರೆಗೆ ಕ್ಷಮಿಸಿ. ಕೊನೆಯಲ್ಲೊಂದು ಸಾಲು: ಹಿಂದಿನಿಂದ ಮಾತನಾಡುತ್ತಿರುವವರು ಏನು ಹೇಳುತ್ತಿದ್ದಾರೆ ಎಂದು ತಿಳಿಯುವ ಕುತೂಹಲವಿದೆ. ಪ್ರೋತ್ಸಾಹಿಸುತ್ತಿದ್ದಾರೆ ಎಂದು ಬರೆದು ಮುಗಿಸಿದೆ.

ಅಧ್ಯಕ್ಷರು ಕ್ಷಮೆ ಕೇಳಬಹುದೇನೋ ಎಂದು ಒಂದು ಗಳಿಗೆ ಅಂದುಕೊಂಡಿದ್ದು ನನ್ನ ದಡ್ಡತನ. ಆವತ್ತು ಸಂಜೆ ಗುಂಪಿನಲ್ಲಿ ಒಂದು ಫ್ಲೆಕ್ಸು ಬಂತು. ‘ಅಧ್ಯಕ್ಷರ ಸತತ ಪ್ರಯತ್ನದ ಫಲ, ಸದಸ್ಯೆಯ ಮೇಲಿನ ನಿಷೇಧ ತೆರವು.’ ಕೂಲಿಂಗ್ ಗ್ಲಾಸಿನ ಅದೇ ಫೋಟೋ. ಅದರ ಕೆಳಗೆ ಜನ ಸಾಲುಗಟ್ಟಿ ಅಭಿನಂದನೆ ಹೇಳಿದ್ದರು. ಒಬ್ಬರು ನನಗೆ, “ಅಕ್ಕ, ಸಾರ್‌ಗೊಂದು ಥ್ಯಾಂಕ್ಸ್ ಹೇಳಿ,” ಎಂದೂ ಬರೆದಿದ್ದರು. ನನಗೆ ಬಂದ ಕೋಪಕ್ಕೆ ಆ ಗುಂಪನ್ನು ಅಲ್ಲಿಯೇ ಬಿಡಬೇಕಿತ್ತು. ಬಿಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ಪ್ರಕಟಣೆ ಬಂದಿತ್ತು: ಸಿದ್ದರಬೆಟ್ಟದ ತಪ್ಪಲಲ್ಲಿ ನಾಲ್ಕು ತಾಲ್ಲೂಕುಗಳ ಅಭಿಮಾನಿಗಳ ಬೃಹತ್ ಸಮಾವೇಶ ಮತ್ತು ಪಂದ್ಯಾವಳಿ. ಎಲ್ಲರ ಎದುರಿಗೇ ಅವರನ್ನು ಇನ್ನೊಮ್ಮೆ ಸೋಲಿಸುವ ಆಸೆಗೆ ಬಿದ್ದೆ.

ಅಷ್ಟರಲ್ಲಿ ಪ್ಲಾಸ್ಟರ್ ತೆಗೆದಿದ್ದರು. ಅಧ್ಯಕ್ಷರು ಫೋನು ಮಾಡಿ, “ಅಕ್ಕ, ತಿಂಡಿ ವ್ಯವಸ್ಥೆ ನಿಮ್ದೇ. ಮೂವತ್ತು ಜನಕ್ಕೆ ಉಪ್ಪಿಟ್ಟು ಕೇಸರಿಬಾತು ಆದ್ರೆ ಸಾಕು,” ಎಂದರು. “ನನ್ನ ತಿಂಡಿ ವ್ಯವಸ್ಥೆ ನಾನು ಮಾಡ್ಕೊತೀನಿ ಸಾರ್,” ಎಂದೆ. ಹೇಳಿದಂತೆಯೇ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು, ದೇವರ ದರ್ಶನವಾಗುತ್ತದೆಂದು ಹೊರಟು ನಿಂತ ಅತ್ತೆಯನ್ನೂ ಕರೆದುಕೊಂಡು ಹೋದೆ.

ಬೆಟ್ಟದ ಕೆಳಗಿನ ಒಂದು ಸಮುದಾಯ ಭವನ. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು; ಅಧ್ಯಕ್ಷರಿಗೆ ಅಧ್ಯಕ್ಷರೇ ಸ್ವಾಗತ ಕೋರಿದ್ದರು. ಒಳಗೆ ಹತ್ತು ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು, ಎಲ್ಲರ ಮಡಿಲಲ್ಲೂ ಪೆಟ್ಟಿಗೆ. ಶಿರಾದ ಉಪಾಧ್ಯಕ್ಷರು ಸೀಲು ಒಡೆಯದ ತಮ್ಮ ಪೆಟ್ಟಿಗೆಯನ್ನು ವೆಲ್ವೆಟ್ ಚೀಲದಲ್ಲಿ ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಮೂಲೆಯಲ್ಲಿ ಬಿಸಿಲಿಗೆ ಸುಟ್ಟ ಮುಖದ ಒಬ್ಬ ತೆಳ್ಳನೆಯ ಯುವಕ ಎದ್ದು ನಿಂತು ಕೈಮುಗಿದ. “ಪಾವಗಡ ಅಕ್ಕಾ,” ಎಂದ. ಪಕ್ಕದಲ್ಲಿ ಅವನ ಹೆಂಡತಿ.

ಭಾಷಣವಾಯಿತು. ಆಮೇಲೆ ಪಂದ್ಯ ಶುರುವಾಗಬೇಕು. ಅಧ್ಯಕ್ಷರು ತಮ್ಮ ಹಳೇ ರೌಟರನ್ನು ಮೇಜಿನ ಮೇಲಿಟ್ಟು ಫೋನಿನ ಇಂಟರ್‌ನೆಟ್ಟಿಗೆ ಜೋಡಿಸಿದರು. ತಪ್ಪಲಲ್ಲಿ ನಮ್ಮ ಫೋನುಗಳಿಗೆ ಸಿಗ್ನಲ್ಲೇ ಇರಲಿಲ್ಲ; ಅವರದಕ್ಕೆ ಒಂದು ಗೆರೆ ಬಂದು ಬಂದು ಹೋಗುತ್ತಿತ್ತು, ಆಟಕ್ಕೆ ಅದು ಸಾಲದು. ರೌಟರನ್ನು ಕಿಟಕಿಗೆ ಇಟ್ಟರು. ಕುರ್ಚಿಯ ಮೇಲೆ ಕುರ್ಚಿ ಹಾಕಿ ಅದರ ಮೇಲಿಟ್ಟರು. ಕೊನೆಗೆ ಉದ್ದನೆಯ ವೈರು ಎಳೆದು, ರೌಟರನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಒಬ್ಬರನ್ನು ನಿಲ್ಲಿಸಿದರು. ಬೆಟ್ಟ ಹತ್ತಲು ಬಂದ ಭಕ್ತರು ಅದ್ಯಾವ ಹರಕೆಯೋ ಎಂದು ನಿಂತು ನೋಡಿಕೊಂಡು ಹೋದರು. ಹೊತ್ತು ನೆತ್ತಿಗೆ ಬಂತು.

ಇಲ್ಲೊಂದು ವಿಷಯ ಹೇಳಬೇಕು. ಈ ಯಂತ್ರಗಳು ಹತ್ತಿರ ಹತ್ತಿರ ಇದ್ದರೆ ಒಂದನ್ನೊಂದು ತಾವೇ ಹಿಡಿದುಕೊಳ್ಳುತ್ತವೆ. ಇಂಟರ್‌ನೆಟ್ ಬೇಡ, ರೌಟರ್ ಬೇಡ, ಸರ್ವರ್ ಬೇಡ. ಎಂಟು ಜನ ಒಟ್ಟಿಗೆ ಆಡಬಹುದು. ಇದು ಗುಂಪಿನವರೆಲ್ಲರಿಗೂ ಗೊತ್ತಿತ್ತು. ಒಂದೇ ಸೂರಿನಡಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವರು, ಪಕ್ಕದವನ ಜೊತೆ ಆಡಲು ಪರದೇಶದ ಅಪ್ಪಣೆಗೆ ಕಾಯುತ್ತಿದ್ದರು. ನಾನು ಎದ್ದು ಹೋಗಿ ಅದನ್ನೇ ಹೇಳಿದೆ.

“ಅಂಗಾಡಿದ್ರೆ ಸರ್ವರಲ್ಲಿ ರ‍್ಯಾಂಕ್ ಬೀಳಲ್ಲ ಅಕ್ಕ,” ಎಂದರು ಅಧ್ಯಕ್ಷರು. “ರ‍್ಯಾಂಕ್ ಬೀಳ್ದೇ ಇದ್ಮೇಲೆ ಆಡಿ ಏನ್ ಬಂತು?”

ಹಿಂದಕ್ಕೆ ಬಂದು ಕೂತೆ. ಪಾವಗಡದವನು ನನ್ನ ಮುಖ ನೋಡಿದ. “ಆಡದಾಮಾ ಅಕ್ಕಾ?” ಎಂದು ಮೆಲ್ಲಗೆ ಕೇಳಿದ. ಆಡಿಯೇ ಬಿಡೋಣ ಎಂದು ನಾನು ಯಂತ್ರ ತೆರೆದೆ.

ಮೊದಲು ನಾವಿಬ್ಬರೇ. ಗಾಡಿಗಳ ಸದ್ದು ಕೇಳಿ ಮುಂದಿನ ಸಾಲಿನವನು ತಿರುಗಿ ನೋಡಿ, ತಾನೂ ಸೇರಿಕೊಂಡ. ಇನ್ನೊಬ್ಬ ಬಂದ. ಸ್ವಲ್ಪ ಹೊತ್ತಿಗೆ ಎಂಟು ಜಾಗವೂ ತುಂಬಿತು, ಉಳಿದವರು ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು. ಯಾರೋ ಗೆದ್ದು ಕೂಗಿದರು, ಯಾರೋ ಪಕ್ಕದವನ ಬೆನ್ನಿಗೆ ಗುದ್ದಿದರು. ಅತ್ತೆಯೂ ಪಾವಗಡದವನ ಹೆಂಡತಿಯೂ ನನ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಾ ಯಾರ ಗಾಡಿ ಎಲ್ಲಿದೆ ಎಂದು ವಾದಕ್ಕೆ ಕೂತಿದ್ದರು. ತಿಂಗಳುಗಟ್ಟಲೆ ಶುಭೋದಯ ಹಂಚಿಕೊಂಡ ಜನ ಒಟ್ಟಿಗೆ ಆಡಿದ್ದು ಅದೇ ಮೊದಲು. ಆ ಹೊತ್ತು ಅವರ್ಯಾರೂ ನನಗೆ ಮೂರ್ಖರಾಗಿ ಕಾಣಲಿಲ್ಲ ಎಂದು ಒಪ್ಪಿಕೊಳ್ಳಲೇಬೇಕು.

ಶಿರಾದ ಉಪಾಧ್ಯಕ್ಷರು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. “ಮೇಡಂ, ಒಂದ್ ದಫಾ ಕೊಡ್ತೀರಾ?” ನನ್ನದನ್ನು ಕೊಟ್ಟೆ. ಅವರು ಅದನ್ನು ತೆರೆದು ಹಿಡಿದುಕೊಂಡು, ಬಹಳ ಹೊತ್ತು ನೋಡಿ, ಧ್ವನಿ ತಗ್ಗಿಸಿ ಕೇಳಿದರು: “ಗಾಡಿ ಮುಂದಕ್ಕೆ ಹೋಗೋದಕ್ಕೆ ಯಾವ ಬಟನ್ ಮೇಡಂ?”

ಅಂಗಳದಿಂದ ಅಧ್ಯಕ್ಷರು ಬಂದದ್ದು ಆಗ. ಕೂಲಿಂಗ್ ಗ್ಲಾಸ್ ತೆಗೆದಿದ್ದರು. ಬರಿಗಣ್ಣಿನಲ್ಲಿ ಸಾಧಾರಣ ಮನುಷ್ಯನ ಹಾಗೆ ಕಂಡರು.

“ಇದು ಅನಧಿಕೃತ ಆಟ! ಯಾರು ಪರ್ಮಿಷನ್ ಕೊಟ್ಟೋರು?”

ಯಾರೂ ತಲೆ ಎತ್ತಲಿಲ್ಲ. ಅತ್ತೆ ಮಾತ್ರ, “ಬಾರಪ್ಪ, ಒಂದ್ ತುತ್ತು ಚಿತ್ರಾನ್ನ ತಿನ್ನು,” ಎಂದರು. ಇವರೇ ಆ ಮಧುಗಿರಿಯೋನು ಎಂದು ಅವರಿಗೆ ನಾನು ಹೇಳಿರಲಿಲ್ಲ. ಅಧ್ಯಕ್ಷರು ಮೇಜಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೂತು, ಫೋನಿನಲ್ಲಿ ಏನೋ ಒತ್ತುತ್ತಿದ್ದರು.

ಅದೇನೆಂದು ತಿಳಿದದ್ದು ಸಂಜೆ ಬಸ್ಸಿನಲ್ಲಿ. ನಾವು ಏಳೆಂಟು ಜನ ಒಂದೇ ಬಸ್ಸು ಹತ್ತಿದ್ದೆವು. ಕೊರಟಗೆರೆ ಹತ್ತಿರವಾಗಿ ಸಿಗ್ನಲ್ ಸಿಕ್ಕಿದ್ದೇ ತಡ, ಒಬ್ಬೊಬ್ಬರ ಜೇಬಿನಲ್ಲೂ ಫೋನು ಗುಂಯ್‌ಗುಟ್ಟತೊಡಗಿತು. ‘ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ.’ ನನಗೆ, ಪಾವಗಡದವನಿಗೆ, ಮುಂದಿನ ಸಾಲಿನವನಿಗೆ, ಕೊನೆಗೆ ಉಪಾಧ್ಯಕ್ಷರಿಗೂ. ಮಧ್ಯಾಹ್ನವಿಡೀ ನಾವು ಯಾವ ಗುಂಪಿನವರೂ ಆಗಿರಲಿಲ್ಲ, ನಮಗದು ಗೊತ್ತೇ ಆಗಿರಲಿಲ್ಲ. ಬಸ್ಸೆಲ್ಲ ತಿರುಗಿ ನೋಡುವ ಹಾಗೆ ನಕ್ಕೆವು. ಉಪಾಧ್ಯಕ್ಷರು ಮಾತ್ರ ವೆಲ್ವೆಟ್ ಚೀಲವನ್ನು ಎದೆಗೊತ್ತಿಕೊಂಡು, “ನನ್ನನ್ನೂ ತೆಗೆದ್ನಾ? ನನ್ನನ್ನೂ?” ಎನ್ನುತ್ತಿದ್ದರು.

ಆ ನಗು ಬಹಳ ದಿನ ಬಾಳಲಿಲ್ಲ. ತೆಗೆಸಿಕೊಂಡವರೆಲ್ಲ ಸೇರಿ ಹೊಸ ಗುಂಪು ಮಾಡಿದರು. ವಾರ ಕಳೆಯುವುದರೊಳಗೆ ಶಿರಾದವರು ಅದಕ್ಕೆ ಅಧ್ಯಕ್ಷರಾದರು, ನಿಯಮಾವಳಿ ಬಂತು, ಬೆಳಿಗ್ಗೆಯ ಹೂಗಳು ಬಂದವು. ಅವರೂ ಫ್ಲೆಕ್ಸ್ ಮಾಡಿಸಿದರು, ಅದೂ ಮಧುಗಿರಿಯ ಅದೇ ಅಂಗಡಿಯಲ್ಲಿ. ನನ್ನನ್ನು ಮಹಿಳಾ ಘಟಕದ ಸಂಚಾಲಕಿ ಎಂದು ಘೋಷಿಸಿದ ದಿನ ನಾನು ಅಲ್ಲಿಂದಲೂ ಹೊರಬಿದ್ದೆ. ಈ ಸಲ ನಾನಾಗಿಯೇ.

ಪಾವಗಡದವನ ನಾದಿನಿಯ ಮನೆ ಮಧುಗಿರಿಯಲ್ಲಿದೆ. ಮೊನ್ನೆ ಮೊನ್ನೆ ಗಂಡಹೆಂಡಿರು ಅಲ್ಲಿಗೆ ಬಂದಿದ್ದಾಗ ನಾನೂ ಇಲಾಖೆಯ ಕೆಲಸಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ಹೇಳಿ ಪೆಟ್ಟಿಗೆಗಳನ್ನು ತೆರೆದೆವು. ಅವನದರ ಬ್ಯಾಟರಿ ಊದಿ ಹಿಂದಿನ ಮುಚ್ಚಳ ಕೂರುತ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದ. ಇನ್ನೇನು ಓಟ ಶುರುಮಾಡಬೇಕು, ಪರದೆಯಲ್ಲಿ ಮೂರನೆಯ ಹೆಸರೊಂದು ಬಂದು ಕೂತಿತು. ಇಬ್ಬರೂ ತಲೆ ಎತ್ತಿ ನೋಡಿದೆವು. ಮೂಲೆಯ ಮೇಜಿನಲ್ಲಿ ಅಧ್ಯಕ್ಷರು, ಗೋಡೆಯ ಕಡೆ ಮುಖ ಮಾಡಿಕೊಂಡು, ಮೇಜಿನ ಕೆಳಗೆ ಪೆಟ್ಟಿಗೆ ಹಿಡಿದು ಕೂತಿದ್ದರು.

“ಏಂ ಚೇದ್ದಾಂ ಅಕ್ಕಾ?” ಎಂದು ಪಾವಗಡದವನು ಪಿಸುಗುಟ್ಟಿದ. ಏನು ಮಾಡೋಣ ಎಂದು.

“ಬರಲಿ ಬಿಡು,” ಎಂದೆ. ಕರುಣೆಯಿಂದ ಅಂದದ್ದಲ್ಲ. ಸೋಲಿಸಲು ಯಾರಾದರೂ ಬೇಕಿತ್ತು.

ನಾಲ್ಕು ಓಟ ಆಡಿದೆವು, ನಾಲ್ಕರಲ್ಲೂ ಅವರು ಕೊನೆಯವರು. ಪೆಟ್ಟಿಗೆ ಮಡಚಿ ಎದ್ದರು. ಬಾಗಿಲ ಹತ್ತಿರ ನಿಂತು, ನಮ್ಮ ಕಡೆ ತಿರುಗದೆ, “ಬಟನ್ ಸರಿಯಿಲ್ಲ,” ಎಂದು ಹೇಳಿ ಹೋದರು.

ಮಾರನೆಯ ದಿನ ಶಿರಾದವರು ನನಗೊಂದು ಚಿತ್ರ ಕಳಿಸಿದರು. ಮಧುಗಿರಿಯ ಗುಂಪಿನ ಹೊಸ ಫ್ಲೆಕ್ಸು ಅದು. ‘ಮಾಜಿ ಸದಸ್ಯರೊಂದಿಗೆ ಅಧ್ಯಕ್ಷರ ಸೌಹಾರ್ದ ಪಂದ್ಯ, ಭಿನ್ನಮತ ಶಮನ.’ ಯಾವಾಗ ತೆಗೆದರೋ, ನನ್ನ ಬೆನ್ನು ಮತ್ತು ಅರ್ಧ ದೋಸೆ ಅದರಲ್ಲಿ ಸ್ಪಷ್ಟವಾಗಿ ಬಂದಿದ್ದವು.